ಹುದ್ದೆ ತೊರೆದವರ ದರ್ಶನ

ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪ್ರಥಮ ತರಬೇತುದಾರ ಆ್ಯಶ್ಲಿ ವೆಸ್ಟ್‌ವುಡ್ ಅವರು ತಂಡಕ್ಕೆ ಎರಡು ಐ-ಲೀಗ್ ಪ್ರಶಸ್ತಿಗಳನ್ನು ದೊರಕಿಸಿ, 2016ರಲ್ಲಿ ನಿರ್ಗಮಿಸಿದರು. ಮದ್ದೂರಿನಿಂದ ರೈಲೇರಿ ಕಂಠೀರವ ಕ್ರೀಡಾಂಗಣಕ್ಕೆ ಹೋಗುತ್ತಿದ್ದ ನನ್ನ ಸೋದರಳಿಯನೂ ಅವನ ಗೆಳೆಯರೂ ತರುವಾಯ ಒಮ್ಮೆ ಅವರನ್ನು ಕಂಡರಂತೆ. ಕೈಕುಲುಕುವಷ್ಟರಲ್ಲಿ ಆಡಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತಂತೆ!

“ಹುದ್ದೆಯಿಲ್ಲದವರಿಂದ ನಿಮಗೇನು ಲಾಭ?” ಎಂದೆ. ವರ್ತಕನ ಪ್ರಶ್ನೆ.

“ನಮ್ಮನ್ನು ಗೆಲ್ಲಿಸಿದವರಲ್ಲವೆ ಮಾವ?”

ಗುಣಾಧಿಕರನ್ನು ಕಂಡು ಹರ್ಷಿಸುವ ಪ್ರಮೋದ ಭಾವನೆಯನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹೇಳಿದ್ದಾರೆ. ದಶಲಕ್ಷಣ ಪರ್ವದಲ್ಲಿ ಅದನ್ನು ವಿವರಿಸಿದವನು ನಾನೇ. ಆದರೆ ನಮ್ಮ ಅಂಗಡಿಯ ಲೆಕ್ಕವನ್ನು ಮೂವತ್ತು ವರ್ಷ ಕಾಯ್ದು ನಿವೃತ್ತರಾದ ಗುಮಾಸ್ತರು ಮಂಡ್ಯದ ಪೇಟೆಯಲ್ಲಿ ಎದುರಾದಾಗ, ಅವಸರವೆಂದು ಮುಖ ತಿರುಗಿಸಿ ನಡೆದಿದ್ದೆ.

ಮರುದಿನ ಮಳವಳ್ಳಿಯ ಬಸ್ಸು ಹತ್ತಿ ಅವರ ಮನೆಗೆ ಹೋದೆ. ನನ್ನನ್ನು ಕಂಡು ವೃದ್ಧರು ಎದ್ದು ನಿಲ್ಲಲು ಯತ್ನಿಸಿದರು. ನಾನು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತೆ.