ಮನೆಗೆ ಮೊದಲು ನೆರೆಹೊರೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಹಿರಿಯರ ಮಾತಿನಲ್ಲಿ ಗೃಹನಿರ್ಮಾಣದ ಕಷ್ಟವೆಲ್ಲ ಅಡಗಿದೆ. ಆದರೆ ಮನೆ ಕಟ್ಟುವುದಕ್ಕೂ ಕೊಳ್ಳುವುದಕ್ಕೂ ಮುಂಚೆ ಎದುರಾಗುವ ಇನ್ನೊಂದು ಕಷ್ಟವನ್ನು ಈ ಗಾದೆ ಹೇಳದೆ ಬಿಟ್ಟಿದೆ. ಮನೆ ಎಲ್ಲಿರಬೇಕು ಎಂಬುದೇ ಆ ಕಷ್ಟ. ಗೋಡೆ ಓರೆಯಾದರೆ ಕೆಡವಿ ಕಟ್ಟಬಹುದು. ಬಾಗಿಲು ಕಿರಿದಾದರೆ ಹಿಗ್ಗಿಸಬಹುದು. ಓಣಿಯನ್ನು, ನೆಲದಡಿಯ ನೀರನ್ನು, ಪಕ್ಕದ ಮನೆಯವರನ್ನು ಬದಲಿಸಿಕೊಳ್ಳುವುದು ಯಾರಿಂದಲೂ ಆಗದು. ಈ ಮಾತು ಎಲ್ಲ ದೇಶಗಳಿಗೂ ಸಲ್ಲುವಂಥದಾದರೂ, ಬಹಳ ಹಳೆಯದಾದ, ಬಹಳ ಚೆಲುವಾದ, ಆದರೆ ನೀರಿನ ಕೊರತೆಯುಳ್ಳ ಊರಿನಲ್ಲಿ ಇದರ ಅರ್ಥ ಹೆಚ್ಚು ಸ್ಪಷ್ಟವಾಗಿ ಹೊಳೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೊ ರಾಜ್ಯದ ರಾಜಧಾನಿ ಸಾಂಟಾ ಫೆ ಅಂಥದೊಂದು ಊರು.

ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರದಲ್ಲಿ, ಸ್ಯಾಂಗ್ರೆ ದೆ ಕ್ರಿಸ್ತೊ ಪರ್ವತಶ್ರೇಣಿಯ ಅಡಿಯಲ್ಲಿ ಈ ನಗರವಿದೆ. ಆ ದೇಶದ ರಾಜ್ಯಗಳ ರಾಜಧಾನಿಗಳಲ್ಲಿ ಇದಕ್ಕಿಂತ ಎತ್ತರದಲ್ಲಿರುವುದು ಮತ್ತೊಂದಿಲ್ಲ. ಪ್ಯೂಬ್ಲೊ ಜನರು ಬಹು ಹಿಂದಿನಿಂದಲೂ ಬಾಳಿದ್ದ ಈ ನೆಲದಲ್ಲಿ 1610ರ ಸುಮಾರಿಗೆ ಸ್ಪೇನಿನವರು ತಮ್ಮ ಪ್ರಾಂತದ ರಾಜಧಾನಿಯನ್ನು ನೆಲೆಗೊಳಿಸಿದರು. 1680ರಲ್ಲಿ ಪೊಪೇ ಎಂಬಾತನ ನಾಯಕತ್ವದಲ್ಲಿ ಪ್ಯೂಬ್ಲೊ ಜನರು ದಂಗೆಯೆದ್ದು ಅವರನ್ನು ಹೊರದೂಡಿದರು. ಹನ್ನೆರಡು ವರ್ಷಗಳ ತರುವಾಯ ಸ್ಪೇನಿನವರು ಮರಳಿ ಬಂದರು. 1821ರಲ್ಲಿ ಊರು ಮೆಕ್ಸಿಕೊ ದೇಶಕ್ಕೆ ಸೇರಿತು. 1846ರಲ್ಲಿ ಸಂಯುಕ್ತ ಸಂಸ್ಥಾನದ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಧ್ವಜಗಳು ಬದಲಾದರೂ ನಗರದ ಚೌಕದಲ್ಲಿ ಮಣ್ಣಿನ ಗೋಡೆಗಳ ಗವರ್ನರರ ಅರಮನೆ ಇಂದಿಗೂ ನಿಂತಿದೆ. 2020ರ ಜನಗಣತಿಯಂತೆ ನಗರದ ಜನಸಂಖ್ಯೆ 87,505 ಮಾತ್ರ. ಊರು ಚಿಕ್ಕದು, ಅಲ್ಲಿ ನೆಲೆಸಬೇಕೆಂದು ಬಯಸುವವರು ಮಾತ್ರ ಅಸಂಖ್ಯರು.

ಹೀಗೆ ಬಯಸಿ ಬಂದವರಲ್ಲಿ ಉತ್ತರದ ಚಳಿನಾಡಿನ ಒಬ್ಬ ನಿವೃತ್ತ ಉಪಾಧ್ಯಾಯರೂ ಅವರ ಪತ್ನಿಯೂ ಇದ್ದರು. ಜೀವಮಾನವಿಡೀ ಇತಿಹಾಸವನ್ನು ಬೋಧಿಸಿದ ಉಪಾಧ್ಯಾಯರಿಗೆ ಇತಿಹಾಸದ ನಡುವೆಯೇ ಬದುಕಬೇಕೆಂಬ ಆಸೆ. ಗ್ರಂಥಾಲಯದಲ್ಲಿ ದುಡಿದ ಅವರ ಪತ್ನಿಗೆ ಒಣಹವೆ ಬೇಕಾಗಿತ್ತು. ಊರಿಗೆ ಬಂದೊಡನೆ ಮನೆ ಕೊಳ್ಳುವ ಆತುರವನ್ನು ಅವರು ತೋರಲಿಲ್ಲ. ಒಂದು ವರ್ಷ ಬಾಡಿಗೆಗಿದ್ದು, ನಾಲ್ಕು ಋತುಗಳನ್ನೂ ಕಂಡ ಮೇಲೆ ನಿರ್ಧರಿಸೋಣವೆಂದು ಹಳೆಯ ಊರಿನ ಮನೆಯೊಂದರ ಹಿತ್ತಲಲ್ಲಿದ್ದ ಎರಡು ಕೋಣೆಗಳ ಬಿಡಾರವನ್ನು ಹಿಡಿದರು. ಆ ಒಂದು ವರ್ಷವೇ ಅವರಿಗೆ ಗುರುವಾಯಿತು.

ಹಳೆಯ ಊರಿನ ಸೊಬಗು ಮಣ್ಣಿನ ಸೊಬಗು. ಮಣ್ಣಿಗೆ ಹುಲ್ಲು ಬೆರೆಸಿ, ಅಚ್ಚಿನಲ್ಲಿ ತೆಗೆದು, ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಅಲ್ಲಿ ಅಡೋಬಿ ಎಂದು ಹೆಸರು. ದಪ್ಪ ಗೋಡೆ, ದುಂಡು ತೊಲೆ, ಅದರ ಮೇಲೆ ಜಂತೆ, ಮೇಲೆ ಮಣ್ಣು ಹೊದಿಸಿದ ಮಟ್ಟಸವಾದ ಮಾಳಿಗೆ. ನಮ್ಮ ಬಯಲುಸೀಮೆಯ ಮಾಳಿಗೆ ಮನೆಯನ್ನು ಬಲ್ಲವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಇಂಥ ಮನೆ ಬೇಸಿಗೆಯಲ್ಲಿ ತಂಪು. ಹಗಲಿನ ಬಿಸಿಲನ್ನು ಗೋಡೆಯಲ್ಲಿ ಹಿಡಿದಿಟ್ಟುಕೊಂಡು ಇರುಳಿನಲ್ಲಿ ಮೆಲ್ಲಗೆ ಬಿಟ್ಟುಕೊಡುವುದರಿಂದ ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಮಣ್ಣಿನ ಗಿಲಾವು ಮಳೆಗೆ, ಹಿಮಕ್ಕೆ ಸವೆಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕು. ಈ ಶ್ರಮ ತಪ್ಪಲೆಂದು ಸಿಮೆಂಟ್ ಹಚ್ಚಿದ ಕಡೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಕೊಳೆತದ್ದುಂಟು. ನಗರದ ಪುರಾತನವಾದ ಸ್ಯಾನ್ ಮಿಗೆಲ್ ಚರ್ಚಿನ ಗೋಡೆಗಳಿಂದ ಸಿಮೆಂಟನ್ನು ಕಿತ್ತು, ಮರಳಿ ಮಣ್ಣನ್ನೇ ಬಳಿಯಬೇಕಾಯಿತು. ಮಣ್ಣಿನ ಮನೆ ಮನುಷ್ಯನ ಕೈಯನ್ನು ಪದೇ ಪದೇ ಬೇಡುತ್ತದೆ.

1957ರಲ್ಲಿ ನಗರಾಡಳಿತವು ಹಳೆಯ ಊರಿನ ಸ್ವರೂಪ ಕೆಡದಂತೆ ಕಟ್ಟಡಗಳ ಶೈಲಿ, ಬಣ್ಣ, ಎತ್ತರಗಳಿಗೆ ಕಟ್ಟಳೆಗಳನ್ನು ವಿಧಿಸಿತು. ಊರು ಉಳಿಯಿತು. ಆದರೆ ನೋಟಕ್ಕೆ ಮಣ್ಣಿನದಾಗಿ, ಒಳಗೆ ಮರದ ಚೌಕಟ್ಟಿನ ಮೇಲೆ ಸಿಮೆಂಟ್ ಮೆತ್ತಿದ ಮನೆಗಳೂ ಬಹಳ ಎದ್ದವು. ಉಳಿದ ಊರಿನ ಬೆಲೆಯೂ ಏರಿತು. ಒಮ್ಮೆ ಒಕ್ಕಲು ಮಕ್ಕಳ ಮನೆಗಳಿದ್ದ ಕ್ಯಾನ್ಯನ್ ರಸ್ತೆಯಲ್ಲಿ ಇಂದು ಚಿತ್ರಶಾಲೆಗಳ ಸಾಲು ಕಾಣುತ್ತದೆ. ಅದರ ಸಮೀಪದಲ್ಲೇ ಹರಿಯುವುದು ಅಸೇಕಿಯಾ ಮಾದ್ರೆ, ಎಂದರೆ 'ತಾಯಿಕಾಲುವೆ'. ಸ್ಪೇನಿನವರು ಅರಬರಿಂದ ಕಲಿತು ತಂದ ಹೆಸರು ಅದು. ಕಾಲುವೆಗೆ ಒಬ್ಬ ಮಾಯೊರ್ದೊಮೊ ಇರುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯಂತೆ ಯಾರ ಹೊಲಕ್ಕೆ ಎಂದು, ಎಷ್ಟು ಹೊತ್ತು ನೀರೆಂಬುದನ್ನು ಅವನು ಗೊತ್ತುಮಾಡುತ್ತಾನೆ. ವಸಂತಕಾಲದಲ್ಲಿ ನೀರಿನ ಹಕ್ಕುಳ್ಳವರೆಲ್ಲ ಸಲಿಕೆ ಹಿಡಿದು ಬಂದು ಹೂಳೆತ್ತಬೇಕು, ಇಲ್ಲವೇ ಆಳನ್ನು ಕಳುಹಿಸಬೇಕು. ಅಲ್ಲಿ ಹಕ್ಕು ಮತ್ತು ದುಡಿಮೆ ಒಂದೇ ನಾಣ್ಯದ ಎರಡು ಮುಖಗಳಾಗಿವೆ.

ಆ ಕಾಲುವೆಯ ಸಮೀಪದಲ್ಲಿದ್ದ ಒಂದು ಪುಟ್ಟ ಮಣ್ಣಿನ ಮನೆ ಉಪಾಧ್ಯಾಯರ ಮನಸ್ಸನ್ನು ಸೆಳೆಯಿತು. ಒಡತಿ ವಯೋವೃದ್ಧೆ, ಮಾಳಿಗೆ ಸೋರುತ್ತಿತ್ತು, ಮಾರಲು ಮನಸ್ಸು ಮಾಡಿದ್ದರು. ಬೆಲೆ ದಂಪತಿಗಳ ಉಳಿತಾಯದ ಬಹುಭಾಗವನ್ನು ನುಂಗುವಂತಿದ್ದರೂ ಕೈಮೀರಿದ್ದಾಗಿರಲಿಲ್ಲ. ಆದರೂ ಉಪಾಧ್ಯಾಯರು ಇತರ ನೆಲೆಗಳನ್ನೂ ನೋಡಿ ಬರಲು ಒಪ್ಪಿದರು.

ನಗರದ ಆಗ್ನೇಯಕ್ಕೆ ಹತ್ತಾರು ಮೈಲಿ ದೂರದ ಎಲ್ ಡೊರಾಡೊ ಬಡಾವಣೆಯಲ್ಲಿ ವಿಶಾಲ ನಿವೇಶನಗಳು, ದಕ್ಷಿಣಕ್ಕೆ ಮುಖ ಮಾಡಿ ಬಿಸಿಲನ್ನು ಬರಮಾಡಿಕೊಳ್ಳುವ ಮನೆಗಳು, ಇರುಳಿನಲ್ಲಿ ನಕ್ಷತ್ರಗಳು. ಆದರೆ ಅಲ್ಲಿ ಕೊಳವೆಬಾವಿಗಳ ನೀರನ್ನೇ ನೆಚ್ಚಬೇಕು. ಬೇಲಿಯಿಂದ ಹಿಡಿದು ಎಲ್ಲಕ್ಕೂ ನಿವಾಸಿಗಳ ಸಂಘದ ನಿಯಮವುಂಟು. ಹಾಲಿಗೂ ಔಷಧಿಗೂ ಕಾರು ಹತ್ತಬೇಕು. ಉತ್ತರದ ಟೆಸೂಕಿಯಲ್ಲಿ ಹಳ್ಳದ ದಂಡೆಯ ಎತ್ತರದ ಕಾಟನ್‌ವುಡ್ ಮರಗಳ ನೆರಳಿತ್ತು. ಬೆಲೆ ಮರಗಳಿಗಿಂತ ಎತ್ತರವಾಗಿತ್ತು. ವಾಯವ್ಯದ ಲಾಸ್ ಕ್ಯಾಂಪಾನಾಸ್‌ನ ಗಾಲ್ಫ್ ಮೈದಾನಗಳು ಅವರಿಗೆ ಸಲ್ಲದ ಮಾತು. ನೈಋತ್ಯದ ಲಾ ಸಿಯೆನೆಗಾ ಎಂದರೆ ಜೌಗುನೆಲ. ಒರತೆಗಳಿಂದಲೇ ಹೆಸರು ಪಡೆದ ಹಳ್ಳಿಯದು. ಪೂರ್ವದ ಬೆಟ್ಟದ ಇಳಿಜಾರುಗಳಲ್ಲಿ ಪಿನ್ಯೋನ್ ಮರಗಳ ನಡುವಣ ಮನೆಗಳು ಮನೋಹರವಾಗಿದ್ದರೂ ಕಾಳ್ಗಿಚ್ಚಿನ ಭಯವಿತ್ತು. 2022ರಲ್ಲಿ ಅದೇ ಪರ್ವತಶ್ರೇಣಿಯ ಇನ್ನೊಂದು ಮಗ್ಗುಲಲ್ಲಿ ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡ ಕಾಳ್ಗಿಚ್ಚು ಹಬ್ಬಿತ್ತು.

ಎಲ್ಲಿ ಹೋದರೂ ಕೊನೆಗೆ ಬರುತ್ತಿದ್ದ ಪ್ರಶ್ನೆ ನೀರಿನದು. ವರ್ಷಕ್ಕೆ ಸುಮಾರು 14 ಅಂಗುಲ ಮಳೆಹಿಮಗಳ ನಾಡದು. ನಗರದ ಮೇಲ್ಗಡೆ ಕಣಿವೆಯಲ್ಲಿ ಎರಡು ಜಲಾಶಯಗಳಿವೆ. ಅವುಗಳಿಗೆ ನೀರುಣಿಸುವ ಕಾಡಿಗೆ 1932ರಿಂದ ಸಾರ್ವಜನಿಕರ ಪ್ರವೇಶವಿಲ್ಲ. ಅವು ಸಾಲದೆ 2011ರಿಂದ ರಿಯೊ ಗ್ರಾಂಡೆ ನದಿಯ ನೀರನ್ನು ಮೇಲೆತ್ತಿ ತರಲಾಗುತ್ತಿದೆ. ಮನೆ ನೋಡಲು ಹೋದವರು ಕಿಟಕಿಯ ಹೊರಗಿನ ನೋಟವನ್ನು ಮೊದಲು ನೋಡುತ್ತಾರೆ. ನಲ್ಲಿಯ ಹಿಂದಿನ ನೀರನ್ನು ಕೇಳುವುದು ಕೊನೆಗೆ. ಈ ದಂಪತಿಗಳು ಈ ಕ್ರಮವನ್ನು ತಿರುವಿಹಾಕಲು ಕಲಿತರು.

ಅಷ್ಟರಲ್ಲಿ ಬಿಡಾರದ ಗೋಡೆಯ ಗಿಲಾವು ಉದುರಿತು. ದುರಸ್ತಿಗೆ ಒಬ್ಬ ಗೌಂಡಿ ಬಂದ. ಮಣ್ಣನ್ನು ಕಾಲಿನಿಂದ ತುಳಿದು, ಅಂಗೈಯಲ್ಲಿ ಹಿಡಿದು ಅದರ ಹದವನ್ನು ನೋಡುತ್ತಿದ್ದ ಆತನ ಕೆಲಸವನ್ನು ಉಪಾಧ್ಯಾಯರು ಮೂರು ದಿನ ಕುಳಿತು ನೋಡಿದರು. ಮಾತಿನ ನಡುವೆ ತಿಳಿಯಿತು: ಕಾಲುವೆಯ ಬಳಿಯ ಆ ಮನೆಯ ಒಡತಿ ಆತನ ಅಜ್ಜಿ. ಆ ಮನೆಯ ಗೋಡೆಗೆ ಬಾಲ್ಯದಲ್ಲಿ ತಾನೂ ಮಣ್ಣು ಬಳಿದಿದ್ದೆನೆಂದು ಆತ ಹೇಳಿದ. ಕೊಳ್ಳುವ ಆಸೆ ಆತನಿಗೂ ಇತ್ತು, ಸಾಲ ಕೊಡುವವರಿರಲಿಲ್ಲ. ಅಲ್ಲಿನ ಕಾನೂನಿನಂತೆ ವಾಸದ ಮನೆಯ ಮೇಲಿನ ತೆರಿಗೆಗೆ ಆಧಾರವಾದ ಮೌಲ್ಯ ವರ್ಷಕ್ಕೆ ಶೇಕಡಾ 3ಕ್ಕಿಂತ ಹೆಚ್ಚು ಏರುವಂತಿಲ್ಲ; ಆದರೆ ಮನೆ ಕೈಬದಲಾದೊಡನೆ ಪೇಟೆಯ ಧಾರಣೆಗೆ ಜಿಗಿಯುತ್ತದೆ. ಅಜ್ಜಿಗೆ ಹಗುರವಾಗಿದ್ದ ತೆರಿಗೆ ಕೊಂಡವರ ಮೇಲೆ ಸಿಡಿಲಿನಂತೆ ಎರಗುತ್ತದೆ. ಆತನ ಸಂಸಾರವಿದ್ದುದು ದಕ್ಷಿಣದ ಏರ್‌ಪೋರ್ಟ್ ರಸ್ತೆಯ ಕಡೆ. ಊರಿನ ಹೋಟೆಲುಗಳಲ್ಲಿ, ಆಸ್ಪತ್ರೆಗಳಲ್ಲಿ, ತೋಟಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿಯ ಮನೆಗಳೂ ಅಲ್ಲೇ. ಊರಿನ ಗೋಡೆಗಳನ್ನು ಕಾಯುವವನಿಗೆ ಆ ಗೋಡೆಗಳ ಒಳಗೆ ಜಾಗವಿರಲಿಲ್ಲ.

ಅಂದು ರಾತ್ರಿ ದಂಪತಿಗಳಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ತಾವು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ, ಬಿಟ್ಟುಕೊಟ್ಟು ಸಾಧಿಸುವುದೇನು ಎಂದು ಉಪಾಧ್ಯಾಯರು ವಾದಿಸಿದರು. ಇತಿಹಾಸದ ನಡುವೆ ಬದುಕಬೇಕೆಂದರೆ ಇತಿಹಾಸವನ್ನು ಹೊತ್ತ ಜನರ ನಡುವೆ ಬದುಕಬೇಕಲ್ಲವೇ, ಬರಿಯ ಗೋಡೆಗಳ ನಡುವೆಯೇ ಎಂದು ಅವರ ಪತ್ನಿ ಕೇಳಿದರು. ವಾದಕ್ಕೆ ಉತ್ತರವಿತ್ತು, ಈ ಪ್ರಶ್ನೆಗೆ ಇರಲಿಲ್ಲ.

ಅವರು ಆ ಮನೆಯನ್ನು ಬಿಟ್ಟರು. ಉಪಾಧ್ಯಾಯರ ಮಾತೇ ನಿಜವಾಯಿತು. ಕೆಲವೇ ವಾರಗಳಲ್ಲಿ ದೂರದ ರಾಜ್ಯದವರೊಬ್ಬರು ಅದನ್ನು ಕೊಂಡರು. ವರ್ಷದಲ್ಲಿ ಎರಡು ತಿಂಗಳು ಮಾತ್ರ ಅಲ್ಲಿ ದೀಪ ಉರಿಯುತ್ತದೆ. ಒಬ್ಬರ ಸಂಯಮದಿಂದ ಪೇಟೆಯ ಧಾರಣೆ ಇಳಿಯುವುದಿಲ್ಲ. ಹತ್ತು ಲಕ್ಷ ಡಾಲರಿಗೆ ಮೀರಿದ ಮನೆಗಳ ಮಾರಾಟದ ಮೇಲೆ ತೆರಿಗೆ ವಿಧಿಸಿ, ಆ ಹಣವನ್ನು ಕಡಿಮೆ ವರಮಾನದವರ ವಸತಿಗೆ ಬಳಸಲು 2023ರಲ್ಲಿ ನಗರದ ಮತದಾರರು ಒಪ್ಪಿದರು. ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಊರಿನ ಸಮಸ್ಯೆಗೆ ಊರೇ ಪರಿಹಾರ ಕಾಣಬೇಕು. ಆದರೆ ತಾನು ಯಾರ ನೆರೆಯವನಾಗಬೇಕು ಎಂಬುದನ್ನು ನಿರ್ಧರಿಸುವ ಹೊಣೆ ಪ್ರತಿಯೊಬ್ಬನದು.

ದಂಪತಿಗಳು ದಕ್ಷಿಣದ ಬಡಾವಣೆಯಲ್ಲಿ, ಆ ಗೌಂಡಿಯ ಮನೆಯಿಂದ ಎರಡು ಓಣಿಗಳಾಚೆ, ಮೂರು ಕೋಣೆಗಳ ಸಾಮಾನ್ಯ ಮನೆಯೊಂದನ್ನು ಕೊಂಡರು. ಅದರ ಗೋಡೆ ಮಣ್ಣಿನದಲ್ಲ. ಅಂದಕ್ಕಾಗಿ ಅದನ್ನು ಯಾರೂ ನೋಡಲು ಬರುವುದಿಲ್ಲ. ನಗರದ ನೀರು ಬರುತ್ತದೆ, ಬಸ್ಸು ಹತ್ತಿರ, ಉಳಿದ ಹಣ ಮುಪ್ಪಿಗೆ ಆಸರೆಯಾಯಿತು. ಉಪಾಧ್ಯಾಯರ ಪತ್ನಿ ವಾರಕ್ಕೆರಡು ದಿನ ನೆರೆಯ ಮಕ್ಕಳಿಗೆ ಓದು ಹೇಳಿಕೊಡುತ್ತಾರೆ, ಅವರಿಂದ ಸ್ಪ್ಯಾನಿಷ್ ಕಲಿಯುತ್ತಾರೆ. ಹಳೆಯ ಮನೆಯ ನೆನಪು ಉಪಾಧ್ಯಾಯರನ್ನು ಬಹುಕಾಲ ಕಾಡಿತು; ಅದನ್ನು ಅವರು ಮರೆಮಾಚಲಿಲ್ಲ.

ಮೊದಲ ಚಳಿಗಾಲದ ಒಂದು ಸಂಜೆ ಅಂಗಳಕ್ಕೆ ಬಂದ ಅವರು ಹಾಗೆಯೇ ನಿಂತುಬಿಟ್ಟರು. ಹಿಮ ಹೊತ್ತ ಪರ್ವತಶ್ರೇಣಿ ಅಸ್ತಮಾನದ ಬೆಳಕಿನಲ್ಲಿ ಕೆಂಪಾಗಿತ್ತು. ಬೆಟ್ಟದ ಬುಡದಲ್ಲಿದ್ದ ಹಳೆಯ ಊರಿನ ಇಕ್ಕಟ್ಟಾದ ಓಣಿಗಳಿಂದ ಅದರ ಒಂದೊಂದು ತುಣುಕು ಮಾತ್ರ ಕಾಣುತ್ತಿತ್ತು. ಇಲ್ಲಿಂದ ಇಡೀ ಶ್ರೇಣಿಯೇ ಕಾಣುತ್ತಿತ್ತು. ಪಕ್ಕದ ಅಂಗಳದವರೂ ಕೆಲಸ ಬಿಟ್ಟು ಅದನ್ನೇ ನೋಡುತ್ತಿದ್ದರು. ಬೆಳಕು ಆರುವವರೆಗೆ ಬೇಲಿಯ ಈಚೆಗೊಬ್ಬರು, ಆಚೆಗೊಬ್ಬರು ನಿಂತಿದ್ದು, ಆಮೇಲೆ ಪರಸ್ಪರ ಕೈಬೀಸಿ ಒಳಗೆ ಹೋದರು.