ಬೆನ್ನೆಲುಬಿನ ಪ್ರತಿರೂಪ

ಕೊಳ್ಳೇಗಾಲದಿಂದ ಹನೂರನ್ನು ದಾಟಿ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಸಾಗುವವರಿಗೆ ದಾರಿಯಲ್ಲಿ ಕೌದಳ್ಳಿ ಎದುರಾಗುತ್ತದೆ. ಶಿವರಾತ್ರಿಯ ದಿನಗಳಲ್ಲಿ ಮಾದಪ್ಪನಿಗೆ ಉಘೇ ಎನ್ನುತ್ತ ಕಾಲ್ನಡಿಗೆಯಲ್ಲಿ ಬರುವ ಪರಿಷೆಯನ್ನು ಈ ಹಾದಿಯಲ್ಲಿ ಕಾಣಬಹುದು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಇಷ್ಟೆಲ್ಲವನ್ನೂ ಹೊತ್ತು ಬೆಟ್ಟವೇರುವ ಬೆನ್ನೆಲುಬನ್ನು ನೆನೆಯುವವರು ವಿರಳ. ನೋವು ಬರುವವರೆಗೆ ಅದರ ಇರವೇ ಮರೆತಿರುತ್ತದೆ.

ಕತ್ತಿನಿಂದ ಸೊಂಟದವರೆಗೆ ಒಂದರ ಮೇಲೊಂದು ಕುಳಿತ 24 ಕಶೇರುಕಗಳು. ಅವುಗಳ ಟೊಳ್ಳಿನಲ್ಲಿ ಇಳಿದುಬರುವ ಮೆದುಳುಬಳ್ಳಿ. ಬಾಗಿದ ಬೆನ್ನನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಶಸ್ತ್ರವೈದ್ಯರು ಕಶೇರುಕದ ಕಿರಿದಾದ ಭಾಗವೊಂದರ ಮೂಲಕ ತಿರುಪುಮೊಳೆಯನ್ನು ಕೂರಿಸಬೇಕಾಗುತ್ತದೆ. ಎದೆಯ ಹಿಂಬದಿಯಲ್ಲಿ ಆ ಭಾಗದ ಅಗಲ ಕೆಲವೆಡೆ 4-5 ಮಿಲಿಮೀಟರ್ ಮಾತ್ರ. ಮೊಳೆ ಒಳಬದಿಗೆ ಸರಿದು ಮೆದುಳುಬಳ್ಳಿಗೆ ತಗಲಿದರೆ ಕಾಲುಗಳ ಬಲವೇ ಹೋಗಬಹುದು. ಹುಟ್ಟಿನಿಂದಲೇ ತಿರುಚಿಕೊಂಡ ಬೆನ್ನಿನಲ್ಲಂತೂ ಒಂದು ಮೂಳೆಯಂತೆ ಇನ್ನೊಂದಿರದು. ಗ್ರಂಥದಲ್ಲಿರುವ ಚಿತ್ರ ಅಲ್ಲಿ ನೆರವಿಗೆ ಬಾರದು.

ಅಂತಹ ಕಡೆ ಒದಗುವುದು ಮೂರು ಆಯಾಮದ ಮುದ್ರಣ. ಮುದ್ರಣವೆಂಬ ಹೆಸರು ಇದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಮಣ್ಣಿನ ಗೋಡೆಯನ್ನು ಸುತ್ತಿನ ಮೇಲೆ ಸುತ್ತಾಗಿ ಏರಿಸುವುದನ್ನು ಕಂಡ ಹಳ್ಳಿಯವರಿಗೆ ಇದರ ಬಗೆ ಬೇಗ ತಿಳಿದೀತು. ಸಿ.ಟಿ. ಯಂತ್ರವು ರೋಗಿಯ ಬೆನ್ನನ್ನು ತೆಳುವಾದ ಬಿಲ್ಲೆಗಳಂತೆ ಚಿತ್ರಿಸುತ್ತದೆ. ಗಣಕಯಂತ್ರ ಆ ಚಿತ್ರಗಳನ್ನು ಜೋಡಿಸುತ್ತದೆ. ಮುದ್ರಣಯಂತ್ರ ಪದರದ ಮೇಲೆ ಪದರವಿರಿಸಿ ಅದೇ ಬೆನ್ನೆಲುಬನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟುತ್ತದೆ. ದ್ರವವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಹಕ್ಕುಪತ್ರ ಪಡೆದರು.

ವೈದ್ಯರು ಈ ಪ್ರತಿರೂಪವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮೊಳೆಯ ದಾರಿಯನ್ನು ಮುಂಚೆಯೇ ಕೊರೆದು ನೋಡಬಹುದು. ಕೈ ತಪ್ಪುವುದಾದರೆ ಅಲ್ಲಿಯೇ ತಪ್ಪಲಿ! ಆ ಮೂಳೆಯ ಮೇಲಷ್ಟೇ ಸರಿಯಾಗಿ ಕೂರುವ ತೂತಿನ ಅಚ್ಚನ್ನೂ ಮುದ್ರಿಸಿಕೊಂಡರೆ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಬೈರಿಗೆ ದಿಕ್ಕು ತಪ್ಪುವ ಭಯ ತಗ್ಗುತ್ತದೆ.

ಮೂಳೆಯೇ ನಾಶವಾಗಿದ್ದರೆ? 2014ರಲ್ಲಿ ಬೀಜಿಂಗಿನ ವೈದ್ಯರು 12 ವರ್ಷದ ಬಾಲಕನೊಬ್ಬನ ಕತ್ತಿನಿಂದ ಗಡ್ಡೆ ಹಿಡಿದ ಎರಡನೆಯ ಕಶೇರುಕವನ್ನು ತೆಗೆದು, ಟೈಟೇನಿಯಂ ಲೋಹದಲ್ಲಿ ಮುದ್ರಿಸಿದ ಮೂಳೆಯನ್ನು ಇರಿಸಿದರು. 2017ರಲ್ಲಿ ನಮ್ಮ ದೇಶದ ಗುರುಗ್ರಾಮದಲ್ಲಿ, ಕ್ಷಯರೋಗದಿಂದ ಕತ್ತಿನ ಕಶೇರುಕಗಳು ಕೆಟ್ಟಿದ್ದ ಮಹಿಳೆಯೊಬ್ಬರಿಗೂ ಇಂತಹ ಚಿಕಿತ್ಸೆ ದೊರೆಯಿತು. ಈ ಲೋಹದ ಮೂಳೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅಕ್ಕಪಕ್ಕದ ಜೀವಂತ ಮೂಳೆ ಅವುಗಳೊಳಕ್ಕೆ ಬೆಳೆದು ಹಿಡಿದುಕೊಳ್ಳುತ್ತದೆ.

ಆದರೆ ಪ್ರತಿರೂಪ ಸಿದ್ಧವಾಗಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅಪಘಾತದಲ್ಲಿ ಮುರಿದ ಬೆನ್ನು ಅಷ್ಟು ಕಾಯದು. ಖರ್ಚಿನ ಮಾತೂ ಉಂಟು.

ಕಾಯುವ ಅವಕಾಶವಿರುವಲ್ಲಿ ವೈದ್ಯರು ಅದನ್ನು ರೋಗಿಯ ಮನೆಯವರ ಕೈಗೂ ಕೊಡುತ್ತಾರೆ. ಎಕ್ಸ್-ರೇ ಹಾಳೆಯ ನೆರಳುಗಳು ಅರ್ಥವಾಗದ ಮುದುಕಿಯೂ ಅದನ್ನು ಬೆರಳಿನಿಂದ ಸವರಿ, ಮೊಮ್ಮಗನ ಬೆನ್ನು ಎಲ್ಲಿ ತಿರುಗಿದೆಯೆಂದು ಕಂಡುಕೊಳ್ಳಬಲ್ಲಳು.