ಪಗಾರದ ಭಾಷೆ

ಒಂದು ಭಾಷೆಯನ್ನು ಅದು ಬಳಕೆಯಲ್ಲಿರುವ ಊರಿಗೇ ಹೋಗಿ, ಕೆಲವು ವಾರ ಅಲ್ಲಿಯೇ ತಂಗಿ, ಬೆಳಿಗ್ಗೆ ತರಗತಿಯಲ್ಲಿಯೂ ಸಂಜೆ ಪೇಟೆಯಲ್ಲಿಯೂ ಕಲಿಯುವ ಪದ್ಧತಿ ಯುರೋಪಿನಲ್ಲಿ ಈಗ ಒಂದು ಉದ್ಯಮವೇ ಆಗಿದ್ದು, ಸ್ಪ್ಯಾನಿಷ್ ಕಲಿಯಬಯಸುವ ಅನೇಕರು ಸ್ಪೇನಿನ ದಕ್ಷಿಣ ತೀರದ ಮಾಲಗ ನಗರಕ್ಕೆ ಹೋಗುತ್ತಾರೆ. ಆ ತೀರಕ್ಕೆ ‘ಕೋಸ್ತಾ ದೆಲ್ ಸೋಲ್’, ಅಂದರೆ ಬಿಸಿಲ ಕರಾವಳಿ, ಎಂದೇ ಹೆಸರು. ವರ್ಷದ ಬಹುಪಾಲು ಮೋಡ ಕವಿದಿರುವ ಉತ್ತರ ಯುರೋಪಿನವರಿಗೆ ಭಾಷೆಯ ಜೊತೆಗೆ ಬಿಸಿಲೂ ದೊರೆಯುತ್ತದೆಂಬುದು ಅದರ ಆಕರ್ಷಣೆ. ದುಡ್ಡು ಕೊಟ್ಟು ಬಿಸಿಲು ಕೊಳ್ಳುವ ಈ ವ್ಯವಹಾರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯವರಿಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಬೇಸಿಗೆಯಲ್ಲಿ ಉಷ್ಣಮಾನ 40 ಡಿಗ್ರಿ ಮುಟ್ಟುವ ಈ ನಾಡಿನಲ್ಲಿ, ಬಿಸಿಲು ಬೇಕೆಂದು ಊರು ಬಿಟ್ಟು ಹೊರಟವನನ್ನು ಮನೆಯವರು ಮೊದಲು ವೈದ್ಯರಿಗೆ ತೋರಿಸಿಯಾರು.

ಬಿಸಿಲಿನ ಮಾತು ಹೀಗಾದರೆ, ಸ್ಪ್ಯಾನಿಷ್ ಕೂಡ ಈ ಸೀಮೆಗೆ ತೀರ ಹೊರಗಿನದೇನೂ ಅಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಕಸಿದುಕೊಂಡದ್ದು ವಿಜಾಪುರದ ಆದಿಲಶಾಹಿಯಿಂದ. ಕೃಷ್ಣಾ-ಘಟಪ್ರಭೆಗಳ ನಡುವಿನ ಈ ನೆಲವೂ ಅದೇ ವಿಜಾಪುರದ ಆಳಿಕೆಗೆ ಸೇರಿತ್ತು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡೂ ಲ್ಯಾಟಿನ್ ಎಂಬ ಒಂದೇ ತಾಯಿಯ ಮಕ್ಕಳಾಗಿರುವುದರಿಂದ, ಗೋವೆಯ ಬಂದರಿನಲ್ಲಿ ಇಳಿದು, ಮರಾಠಿಯ ಬಾಯಿಗೆ ಬಿದ್ದು, ಪಟವರ್ಧನರ ಜಮಖಂಡಿಯಲ್ಲಿಯೂ ಘೋರ್ಪಡೆಯವರ ಮುಧೋಳದಲ್ಲಿಯೂ 1948ರವರೆಗೆ ನಡೆದ ಮರಾಠಿ ದರಬಾರಿನ ನೆರಳಿನಲ್ಲಿ ಕನ್ನಡದೊಳಗೆ ನೆಲೆಯೂರಿದ ಪೋರ್ಚುಗೀಸ್ ಶಬ್ದಗಳು ಸ್ಪ್ಯಾನಿಷ್‌ಗೂ ದಾಯಾದಿಗಳೇ. ಬನಹಟ್ಟಿಯ ಅಡುಗೆಮನೆಯ ‘ಬಟಾಟಿ’ ಸ್ಪೇನಿನಲ್ಲಿ ‘ಪತಾತಾ’. ಬಚ್ಚಲಿನ ‘ಬಾಲ್ದಿ’ ಅಲ್ಲಿ ‘ಬಾಲ್ದೆ’. ಕೀಲಿ ತೆಗೆಯುವ ‘ಚಾವಿ’ ಪೋರ್ಚುಗೀಸಿನ ‘ಶಾವೆ’ಯಿಂದ ಬಂದದ್ದು, ಅದರ ಸ್ಪ್ಯಾನಿಷ್ ಒಡಹುಟ್ಟು ‘ಯಾವೆ’. ಪಪ್ಪಾಯಿಯೂ ತಂಬಾಕೂ ಹೆಸರುಗಳ ಸಮೇತ ಅಮೆರಿಕದ ಸ್ಪ್ಯಾನಿಷ್ ವಸಾಹತುಗಳ ಕಡೆಯಿಂದ ಹಡಗೇರಿ ಬಂದವು. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಶಬ್ದವೆಂದರೆ ‘ಪಗಾರ’. ‘ಪಗಾರ್’ ಎಂಬುದು ಪೋರ್ಚುಗೀಸ್, ಸ್ಪ್ಯಾನಿಷ್ ಎರಡರಲ್ಲಿಯೂ ಇಂದಿಗೂ ದಿನಬಳಕೆಯ ಕ್ರಿಯಾಪದ. ಈ ಶಬ್ದದತ್ತ ಮುಂದೆ ಮರಳಬೇಕಾಗುತ್ತದೆ.

ಶಬ್ದಗಳ ನಂಟು ಆಕಸ್ಮಿಕವಾದದ್ದು. ವಾಕ್ಯದ ಜಾಡಿನಲ್ಲಿ ಕಾಣುವ ಹೋಲಿಕೆ ಅದಕ್ಕಿಂತ ಸ್ವಾರಸ್ಯದ್ದು. ‘ಬರ್ತೀನಿ’ ಎಂದರೆ ಬರುವವನು ಯಾರೆಂದು ಕನ್ನಡದಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ, ಏಕೆಂದರೆ ಕ್ರಿಯಾಪದದ ಕೊನೆಯ ಪ್ರತ್ಯಯವೇ ಕರ್ತೃವನ್ನು ತಿಳಿಸುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ‘ಆಬ್ಲೊ’ ಎಂದರೆ ಸಾಕು, ‘ಮಾತಾಡುತ್ತೇನೆ’ ಎಂದಾಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರು ಬಹುಕಾಲ ಎಡವುವ ‘ಮೆ ಗುಸ್ತಾ ಲಾ ಪಪಾಯಾ’ ಎಂಬ ರಚನೆ, ಹಣ್ಣನ್ನೇ ಕರ್ತೃವಾಗಿಸಿ ತಿನ್ನುವವನನ್ನು ಚತುರ್ಥಿ ವಿಭಕ್ತಿಯಲ್ಲಿ, ಅಂದರೆ ‘ಗೆ’ ಪ್ರತ್ಯಯದ ಸ್ಥಾನದಲ್ಲಿ, ಕೂರಿಸುತ್ತದೆ. ‘ನನಗ ಪಪ್ಪಾಯಿ ಸೇರ್ತೈತಿ’ ಎನ್ನುವವನಿಗೆ ಇದನ್ನು ವಿವರಿಸಲು ಒಂದು ನಿಮಿಷವೂ ಬೇಕಾಗದು. ‘ತೂ’ ಮತ್ತು ‘ಉಸ್ತೆದ್’ ಎಂಬ ಎರಡು ಸರ್ವನಾಮಗಳ ನಡುವಿನ ಅಂತರ ನೀನು-ನೀವುಗಳ ಅಂತರವೇ. ‘ಉಸ್ತೆದ್’ ಮೂಲದಲ್ಲಿ ‘ತಮ್ಮ ಕೃಪೆ’ ಎಂಬರ್ಥದ ಪದಪುಂಜವೊಂದು ಸವೆದು ಉಳಿದ ರೂಪವಾಗಿರುವುದರಿಂದ, ಗೌಡರಿಗೆ ‘ತಾವು’ ಎಂದು ಕೈಮುಗಿಯುವ ಭಾವ ಅದರೊಳಗೆ ಇನ್ನೂ ಉಳಿದಿದೆ. ತೊಡಕು ಬರುವುದು ಲಿಂಗದಲ್ಲಿ. ಕನ್ನಡಿಗನಿಗೆ ಬಾಲ್ದಿಯೂ ಚಾವಿಯೂ ನಪುಂಸಕ, ಸ್ಪೇನಿನವನಿಗೆ ಬಾಲ್ದಿ ಗಂಡು, ಚಾವಿ ಹೆಣ್ಣು. ಇದಕ್ಕೆ ಬಾಯಿಪಾಠವೊಂದೇ ದಾರಿ.

ಉಚ್ಚಾರದಲ್ಲಿ ಒಂದು ಸೂಕ್ಷ್ಮವಿದೆ. ಸ್ಪ್ಯಾನಿಷ್‌ನಲ್ಲಿ ರಕಾರಗಳು ಎರಡು: ನಾಲಿಗೆ ಒಮ್ಮೆ ತಟ್ಟಿ ಬಿಡುವ ‘ಪೆರೊ’ ಎಂದರೆ ‘ಆದರೆ’, ಅದೇ ರಕಾರವನ್ನು ಗಡಸಾಗಿ ಅದುರಿಸಿ ನುಡಿದರೆ ‘ನಾಯಿ’. ಇಂಥ ಭೇದ ಹಳಗನ್ನಡಕ್ಕೆ ಹೊಸದಲ್ಲ. ‘ಶಕಟರೇಫ’ವೆಂದು ಕರೆಯಲಾಗುವ ಱಕಾರ, ಇಂದಿನ ಮಾತಿನಿಂದ ಅಳಿದಿದ್ದರೂ, ಹತ್ತನೆಯ ಶತಮಾನದಲ್ಲಿ ಬಾಳಿದ ಮುಧೋಳದ ರನ್ನನಿಗೆ ಚೆನ್ನಾಗಿ ಗೊತ್ತಿದ್ದ ಅಕ್ಷರ. ಕವಿಗೂ ಬೇಟೆನಾಯಿಗೂ ಒಟ್ಟಿಗೆ ಹೆಸರಾದ ಊರಿನವನು ಸ್ಪ್ಯಾನಿಷ್‌ನಲ್ಲಿ ‘ನಾಯಿ’ ಎನ್ನಲು ತನ್ನೂರ ಕವಿಯ ಮರೆತ ಅಕ್ಷರವನ್ನೇ ಹುಡುಕಬೇಕಾಗಿರುವುದು ಒಂದು ವಿನೋದವೇ ಸರಿ.

ಇಷ್ಟಾದರೂ ಈ ಸೀಮೆಯಿಂದ ಮಾಲಗಕ್ಕೆ ಹೋಗುವವರು ವಿರಳ. ಬಿಸಿಲ ಕರಾವಳಿಗೆ ಹೋಗಿ ಭಾಷೆ ಕಲಿತು ಬರುವವರು ಮಾತ್ರ ವಿರಳವಲ್ಲ. ಅವರ ಕರಾವಳಿ ಗೋವೆ, ಅವರು ಕಲಿಯುವ ಭಾಷೆ ಕೊಂಕಣಿ. ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳ ಗೌಂಡಿಗಳು, ಕಲ್ಲು ಹೊರುವವರು, ಕಾಯಿಪಲ್ಯೆ ಮಾರುವವರು ವಾಸ್ಕೊ, ಪಣಜಿ, ಮಾಪ್ಸಾ, ಮಡಗಾಂವಗಳಲ್ಲಿ ದುಡಿಯಲು ತೊಡಗಿ ತಲೆಮಾರುಗಳೇ ಆದವು. ಮಳೆ ಕೈಕೊಟ್ಟ ವರ್ಷ, ಮಗ್ಗ ನಿಂತ ತಿಂಗಳು, ಆಲಮಟ್ಟಿಯ ಹಿನ್ನೀರು ಹೊಲ ನುಂಗಿದ ಊರು, ಹೀಗೆ ಹೊರಡುವವರ ಕಾರಣಗಳು ಬೇರೆಬೇರೆ. ‘ಗೋವಾಕ್ಕ ದುಡಿಯಾಕ ಹೋಗ್ಯಾರ’ ಎಂಬ ಊರಿನ ಮಾತಿನಲ್ಲಿ ಭಾಷೆಯ ಉಲ್ಲೇಖವೇ ಇರುವುದಿಲ್ಲ. ಆದರೂ ಮೊದಲ ವಾರದಲ್ಲಿ ‘ಕಿತ್ಲೆ’ (ಎಷ್ಟು) ಬರುತ್ತದೆ, ಆಮೇಲೆ ‘ಮಾಕಾ ಜಾಯ್’ (ನನಗೆ ಬೇಕು), ‘ಮಾಕಾ ನಾಕಾ’ (ನನಗೆ ಬೇಡ) ಬರುತ್ತವೆ. ಇಲ್ಲಿಯೂ ಬೇಕಾದವನು ಚತುರ್ಥಿಯಲ್ಲಿಯೇ ನಿಂತಿರುವುದರಿಂದ ಕನ್ನಡದ ಬಾಯಿಗೆ ಅದು ತಡೆಯಿಲ್ಲದೆ ಹೊಂದುತ್ತದೆ.

ಈ ಸುಲಭಕ್ಕೆ ಇನ್ನೊಂದು ಹಿನ್ನೆಲೆಯೂ ಉಂಟು. ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ, ಇಂದಿಗೂ ವಿದ್ವಾಂಸರು ನೆನೆಯುವ ಒಂದು ಅಧ್ಯಯನ, ಗಡಿಯಾಚೆಯ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಿಂದ ಶಬ್ದಗಳಲ್ಲಿ ಬೇರೆಯಾಗಿಯೇ ಉಳಿದು ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿರುವುದನ್ನು ತೋರಿಸಿತು. ಅದೇ ಗಾಳಿ ಜಮಖಂಡಿಯಲ್ಲಿಯೂ ಬೀಸುತ್ತದೆ. ಇಲ್ಲಿ 1886ರಲ್ಲಿ ಮರಾಠಿ ಮನೆಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಕೊನೆಗಾಲದಲ್ಲಿ ಕನ್ನಡದ ವಚನಕಾರರನ್ನೂ ದಾಸರನ್ನೂ ಕುರಿತು ದೊಡ್ಡದೊಂದು ಇಂಗ್ಲಿಷ್ ಗ್ರಂಥ ರಚಿಸಿದರು. ರಬಕವಿಯ ನೇಕಾರ ಸೊಲ್ಲಾಪುರ, ಇಚಲಕರಂಜಿಗಳ ವ್ಯಾಪಾರಿಯೊಡನೆ ಸೀರೆಯ ದರ ಕುದುರಿಸುವಾಗ ಮರಾಠಿಗೆ ಹೊರಳುವುದನ್ನು ಭಾಷಾಜ್ಞಾನವೆಂದು ಎಣಿಸುವುದಿಲ್ಲ. ಅದು ಹಾಸಿನೊಳಗೆ ಲಾಳಿ ಹಾಯುವಷ್ಟೇ ಸಹಜ.

ಈಗ ‘ಪಗಾರ’ಕ್ಕೆ ಮರಳಬಹುದು. ಸ್ಪ್ಯಾನಿಷ್‌ನಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ಕನ್ನಡದಲ್ಲಿ ‘ಪಗಾರ’ ಎಂದರೆ ದುಡಿದವನ ಕೈಗೆ ಬರುವ ಹಣ. ಮಾಲಗದಲ್ಲಿ ಕಲಿಯುವವನು ಪಾಠಕ್ಕೂ ಕೋಣೆಗೂ ‘ಪಗಾರ್’ ಮಾಡುತ್ತಾನೆ. ವಾಸ್ಕೊದಲ್ಲಿ ಕಲಿಯುವ ಗೌಂಡಿ ಶನಿವಾರ ಪಗಾರ ಎಣಿಸಿಕೊಳ್ಳುತ್ತಾನೆ. ಮೊದಲನೆಯವನು ತಪ್ಪು ಮಾಡಿದರೆ ಗುರು ನಕ್ಕು ತಿದ್ದುತ್ತಾನೆ. ಎರಡನೆಯವನ ತಪ್ಪಿಗೆ ಕೆಲವೊಮ್ಮೆ ‘ಘಾಟಿ’, ಅಂದರೆ ಘಟ್ಟದ ಮೇಲಿನವನು, ಎಂಬ ಹೀಯಾಳಿಕೆಯ ಬಿರುದು ದೊರೆಯುತ್ತದೆ. ಮೊದಲನೆಯವನಿಗೆ ಪ್ರಮಾಣಪತ್ರವಿದೆ. ಎರಡನೆಯವನ ಕಲಿಕೆಯೇ ಗಟ್ಟಿಯಾದದ್ದೆಂದು ಹೇಳಲು ಅಳುಕಬೇಕಾಗಿಲ್ಲ, ಏಕೆಂದರೆ ಅವನು ಮರೆತರೆ ಮರುದಿನದ ಕೂಲಿಯೇ ತಪ್ಪುತ್ತದೆ.

ಗೋವೆಯಲ್ಲಿದ್ದು ಭಾಷೆ ಕಲಿತವರಲ್ಲಿ ದಾಖಲೆಗೆ ಸೇರಿದವರೂ ಇದ್ದಾರೆ. 1579ರಲ್ಲಿ ಅಲ್ಲಿಗೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಕೊಂಕಣಿ, ಮರಾಠಿಗಳನ್ನು ಕಲಿತು, ಮರಾಠಿಯಲ್ಲಿ ಕ್ರಿಸ್ತಪುರಾಣವನ್ನೂ ಪೋರ್ಚುಗೀಸಿನಲ್ಲಿ ಕೊಂಕಣಿಯ ವ್ಯಾಕರಣವನ್ನೂ ಬರೆದರು; ಅವರು ತೀರಿಕೊಂಡ ಬಳಿಕ 1640ರಲ್ಲಿ ರಾಯತೂರಿನಲ್ಲಿ ಅಚ್ಚಾದ ಆ ವ್ಯಾಕರಣದ ಹೆಸರಿನಲ್ಲಿ ಕೊಂಕಣಿಯನ್ನು ‘ಕನಾರಿಂ’ ಎಂದು ಕರೆಯಲಾಗಿದೆ. ಕನ್ನಡದ ಹೆಸರನ್ನು ಪೋರ್ಚುಗೀಸರು ಕೊಂಕಣಿಗೆ ಹಚ್ಚಿದ್ದರ ಸಾಕ್ಷಿ ಅದು. ಗೌಂಡಿ ಬರೆದ ವ್ಯಾಕರಣವಿಲ್ಲ. ಭಾರತದ ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಯನ್ನು ಬಿಟ್ಟು ಬರೆಸಲು ಅವಕಾಶವಿರುವುದು ಇನ್ನೆರಡು ಭಾಷೆಗಳಿಗೆ ಮಾತ್ರ. ಬನಹಟ್ಟಿಯಿಂದ ವಾಸ್ಕೊಗೆ ಹೋದವನು ಕನ್ನಡದ ಮುಂದೆ ಮರಾಠಿಯನ್ನೂ ಹಿಂದಿಯನ್ನೂ ಬರೆಸಿದ ಮೇಲೆ ಕೊಂಕಣಿಗೆ ಅಲ್ಲಿ ಜಾಗ ಉಳಿಯುವುದಿಲ್ಲ.